‘ಇಲ್ಲಿ ಬರೆಯಬಾರದು’ ಅಂತ ಬರೆದವನ ಪಾಡು

ಗೋಡೆ ಕಂಡರೆ ಬರೆಯುವವರೂ, ಬರೆದದ್ದು ಕಂಡರೆ ಅಳಿಸುವವರೂ ಒಂದೇ ಊರಲ್ಲಿ ಇರುವ ತನಕ ಇಂಥ ಪ್ರಸಂಗಗಳಿಗೆ ಬರವಿಲ್ಲ. ನಾನು ಅರಸೀಕೆರೆಯಲ್ಲಿ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬರುವ ಮುಂಚೆ, ತೊಂಬತ್ತರ ದಶಕದಲ್ಲಿ, ಸೋಪಿನಿಂದ ಹಿಡಿದು ಸಿಮೆಂಟಿನವರೆಗೆ ಏನು ಮಾರಬೇಕಾದರೂ ಅದು ಗೋಡೆ ಮೇಲೆ ನನ್ನ ಕೈಯಲ್ಲೇ ಮೂಡಬೇಕಿತ್ತು. ಊರು ಅಂದಗೆಡುತ್ತಿದೆ, ಗೋಡೆ ಬರಹ ನಿಲ್ಲಿಸಬೇಕು ಅಂತ ಒಂದು ಗಾಳಿ ಎದ್ದಿತು ನೋಡಿ, ನನ್ನ ಹೊಟ್ಟೆ ಮೇಲೆ ಹೊಡೆದ ಹಾಗಾಯಿತು. ಆದರೆ ಹೆದರಿದ್ದು ದಂಡ. ಬರೆಯೋದನ್ನು ನಿಲ್ಲಿಸಬೇಕಾದರೂ ಬರೆಯುವವನೊಬ್ಬ ಬೇಕಲ್ಲ!

ಅದು ಬರಹ ಅಲ್ಲ, ಆದೇಶ

ಮೊದಲು ಕರೆದವರು ಊರಿನ ಅಂದಚೆಂದದ ಜವಾಬ್ದಾರಿ ಹೊತ್ತಿದ್ದ ಒಬ್ಬ ಸಾಹೇಬರು. “ನೋಡಯ್ಯ, ಗೋಡೆ ಗೋಡೆಗೂ ‘ಇಲ್ಲಿ ಬರೆಯಬಾರದು’ ಅಂತ ಬರೀಬೇಕು. ಕುರುಡನಿಗೂ ಕಾಣಬೇಕು, ಅಷ್ಟು ದಪ್ಪ ಇರಲಿ ಅಕ್ಷರ” ಅಂದರು. ತಾವೇ ಜೊತೆಗೆ ಬಂದು ಮೊದಲ ಗೋಡೆ ತೋರಿಸಿದರು. ಅದು ಒಬ್ಬ ಕೊಬ್ಬರಿ ಮಂಡಿ ಯಜಮಾನರದು. ಮಗಳ ಮದುವೆಗೆ ಅಂತ ಆ ವಾರವಷ್ಟೇ ಸುಣ್ಣ ಹೊಡೆಸಿದ್ದರು. ಇಡೀ ಬೀದಿಯಲ್ಲಿ ಒಂದಕ್ಷರವೂ ಇಲ್ಲದ ಗೋಡೆ ಅಂದರೆ ಅದೊಂದೇ.

“ಸಾರ್, ಇಲ್ಲಿ ಯಾರೂ ಬರೆದೇ ಇಲ್ಲವಲ್ಲ?” ಅಂದೆ.

“ಮಿಕ್ಕ ಗೋಡೆಗಳಲ್ಲಿ ಜಾಗ ಎಲ್ಲಿದೆಯಯ್ಯ?” ಅಂದರು.

ಆಳೆತ್ತರದ ಕೆಂಪು ಅಕ್ಷರದಲ್ಲಿ ಬರೆದು ಮುಗಿಸುವ ಹೊತ್ತಿಗೆ ಯಜಮಾನರು ಪೂಜೆ ಮುಗಿಸಿಕೊಂಡು ಹೊರಗೆ ಬಂದರು. ಗೋಡೆ ನೋಡಿ ಸಾಹೇಬರ ಕಡೆ ತಿರುಗಿದರು. “ಏನ್ ಸ್ವಾಮಿ ಇದು? ಬರೀಬ್ಯಾಡಿ ಅಂತ ನಮ್ಮ ಗೋಡೆ ಮ್ಯಾಲೇ ಬರ್ಸಿದೀರಲ್ಲ?”

“ಅದು ಬರಹ ಅಲ್ಲರೀ ಯಜಮಾನರೇ, ಆದೇಶ!” ಅಂದರು ಸಾಹೇಬರು.

ಯಜಮಾನರು ಗೋಡೆಯ ಬುಡದವರೆಗೂ ಕಣ್ಣಾಡಿಸಿದರು. “ಆದೇಶ ಆದ್ರೆ ಸರಿ ಬುಡಿ. ಕೆಳಗಡೆ ಇನ್ನೂ ಜಾಗ ಐತೆ. ತಾಲ್ಲೂಕಿನ ರೈತರೆಲ್ಲ ನಮ್ಮ ಮಂಡಿಗೇ ಕೊಬ್ಬರಿ ತರತಕ್ಕದ್ದು ಅಂತ ಇನ್ನೊಂದು ಆದೇಶ ಬರ್ಸಿಬುಡಿ.”

ಓದೋ ಹಾಗೆ ಅಳಿಸು

ಅಷ್ಟರಲ್ಲಿ ಒಂದು ಚುನಾವಣೆ ಬಂತು. ಎದುರಾಳಿಗಳಿಬ್ಬರ ಹೆಸರನ್ನೂ ಊರ ತುಂಬ ಬರೆದವನು ನಾನೇ. ಬಣ್ಣ ಆರುವ ಮುಂಚೆಯೇ ಮೇಲಿನಿಂದ ಬಿಗಿಯಾದ ಆಜ್ಞೆ ಬಂತು: ಗೋಡೆ ಮೇಲೆ ಯಾರ ಹೆಸರೂ ಉಳಿಯಕೂಡದು. ಅಳಿಸುವ ಕೆಲಸವೂ ನನಗೇ ಸಿಕ್ಕಿತು. ಒಂದು ವಾರ ಬಿಸಿಲಲ್ಲಿ ನಿಂತು ನನ್ನ ಮುತ್ತಿನಂಥ ಅಕ್ಷರಗಳ ಮೇಲೆ ನಾನೇ ಸುಣ್ಣ ಬಳಿದೆ.

ಸುಣ್ಣ ಒಣಗಿದ ಮಾರನೇ ದಿನ ಅಭ್ಯರ್ಥಿಗಳಲ್ಲೊಬ್ಬರು ಜೀಪಿನಲ್ಲಿ ಬಂದಿಳಿದರು. ಮುಖ ಕೆಂಡ. “ಏನ್ಲಾ, ಎಷ್ಟು ತಿಂದೆ ಅವನ ಹತ್ರ? ನನ್ನ ಹೆಸರು ಗುರುತೇ ಸಿಗದಂಗೆ ಅಳಿಸಿದೀಯ, ಅವಂದು ಮಾತ್ರ ಸುಣ್ಣದೊಳಗಿಂದ ನಗ್ತಾ ಐತೆ!”

ನೋಡಿದರೆ ನಿಜ. ಎದುರಾಳಿಯ ಹೆಸರು ಸುಣ್ಣದ ಅಡಿಯಿಂದ ತೆಳು ಗುಲಾಬಿಯಾಗಿ ಚೆನ್ನಾಗಿಯೇ ಕಾಣುತ್ತಿತ್ತು.

“ಅಣ್ಣಾ, ಇಬ್ಬರದಕ್ಕೂ ಬಳಿದಿರೋದು ಒಂದೇ ಸುಣ್ಣ” ಅಂದೆ. “ಅವರು ಕೆಂಪು ಆಯಿಲ್ ಪೇಂಟು ಕೊಡಿಸಿದ್ರು. ಗೆದ್ದ ಮೇಲೆ ಯಾರು ನೋಡ್ತಾರೆ, ಅಗ್ಗದ ನೀಲಿಪುಡೀಲೇ ಬರಿ ಅಂದೋರು ನೀವೇ ಅಲ್ವಾ?”

ಜೀಪಿನಲ್ಲಿದ್ದವರೆಲ್ಲ ಆಕಾಶ ನೋಡಿದರು. ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ ಅತ್ತ ಕರೆದುಕೊಂಡು ಹೋದರು. ದನಿ ಇಳಿಸಿ, “ಕಾನೂನು ಮೀರಬಾರದಪ್ಪ. ಇನ್ನೊಂದ್ಸಲ ನನ್ನ ಹೆಸರು ಬರಿ, ಇನ್ನೊಂದ್ಸಲ ಅಳಿಸು. ಆದ್ರೆ ಈ ಸಲ ಓದೋ ಹಾಗೆ ಅಳಿಸು” ಅಂದರು.

ಅವಸರ ಇಲ್ಲ

ಬೇಲೂರಿನ ದೇವಸ್ಥಾನದಲ್ಲಿ ‘ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ’ ಅಂತ ಬೋರ್ಡು ಬರೆಯುವ ಕೆಲಸ ಸಿಕ್ಕಿತ್ತು. ಅಂಗಳದ ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ. ಹತ್ತು ಮಾರು ಆಚೆ, ಇಸ್ತ್ರಿ ಪ್ಯಾಂಟಿನ ಮಹಾಶಯರೊಬ್ಬರು ಹೊಸ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೀಗದ ಕೈಯಿಂದ ಗೋಡೆ ಕೆರೆಯಲು ಶುರುಮಾಡಿದರು. ಅಲ್ಲೇ ಇದ್ದ ಒಬ್ಬ ಮುದುಕ ಗೈಡು ಓಡಿ ಬಂದು ಕೈ ಹಿಡಿದುಕೊಂಡರು.

“ಏನ್ ಸ್ವಾಮಿ, ಓದಿದೋರ ಥರ ಕಾಣ್ತೀರಿ, ಇದೇನಿದು?”

ಮಹಾಶಯರಿಗೆ ರೇಗಿತು. “ನನಗೆ ಹೇಳಿಕೊಡ್ತೀರೇನ್ರೀ? ನಾನು ಇತಿಹಾಸದ ಲೆಕ್ಚರರು! ಅಲ್ಲಿ ನೋಡಿ, ಆ ವಿಗ್ರಹದ ಬುಡದಲ್ಲಿ ಶಿಲ್ಪಿ ತನ್ನ ಹೆಸರು ಕೆತ್ತಿಕೊಂಡಿಲ್ವಾ? ಅವನು ಬರೆದರೆ ಶಾಸನ, ನಾನು ಬರೆದರೆ ತಪ್ಪಾ?”

ಗೈಡು ಕೈ ಬಿಟ್ಟರು. ವಿಗ್ರಹದ ಕಡೆ ನೋಡಿದರು, ಬೀಗದ ಕೈ ಕಡೆ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು: “ತಪ್ಪೇನಿಲ್ಲ ಸ್ವಾಮಿ. ಅವನು ಮೊದಲು ಬೊಂಬೆ ಕೆತ್ತಿದ, ಆಮೇಲೆ ಹೆಸರು ಕೆತ್ತಿದ. ನೀವೂ ಹಂಗೇ ಒಂದು ಬೊಂಬೆ ಕೆತ್ತಿಬಿಡಿ. ಅಮ್ಮಾವ್ರೂ ನಾನೂ ಇಲ್ಲೇ ನೆರಳಲ್ಲಿ ಕೂತಿರ್ತೀವಿ. ಅವಸರ ಇಲ್ಲ, ಬಾಗಿಲು ಹಾಕೋದು ಸಾಯಂಕಾಲಕ್ಕೆ.”

ನನ್ನ ಹೆಸರು ಮಾತ್ರ ಬ್ಯಾಡ

ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಮೆಟ್ಟಿಲುಕೊಳ ಇದೆಯಲ್ಲ, ಅದರ ಕಲ್ಲುಗಳ ಮೇಲೆ ಬಂದವರೆಲ್ಲ ಇದ್ದಿಲಿನಲ್ಲಿ, ಸೀಮೆಸುಣ್ಣದಲ್ಲಿ ತಮ್ಮ ಪ್ರೇಮ ಬರೆದು ಹೋಗುತ್ತಿದ್ದರು. ಒಂದು ಸಂಘದವರು ಅದನ್ನು ತೊಳೆಯುವ ಕಾರ್ಯಕ್ರಮ ಇಟ್ಟುಕೊಂಡರು. ಬ್ಯಾನರು ಬರೆದುಕೊಂಡು ನಾನೂ ಹೋಗಿದ್ದೆ. ಅಧ್ಯಕ್ಷರು ಫೋಟೋಗೆ ಅಂತ ಒಂದು ಮೆಟ್ಟಿಲು ಉಜ್ಜಿದರು. ಮಿಕ್ಕ ಮೆಟ್ಟಿಲುಗಳನ್ನು ಸೀರೆ ಎತ್ತಿ ಕಟ್ಟಿಕೊಂಡು ತೆಂಗಿನ ನಾರಿನಲ್ಲಿ ಉಜ್ಜಿದವಳು ಕೂಲಿಗೆ ಬಂದಿದ್ದ ಒಬ್ಬ ಅಜ್ಜಿ.

ಕಲ್ಲೆಲ್ಲ ಫಳಫಳ ಆದ ಮೇಲೆ ಅಧ್ಯಕ್ಷರು ನನ್ನನ್ನು ಕರೆದರು. “ಆ ಮೇಲಿನ ಕಲ್ಲು ಚೆನ್ನಾಗಿದೆ. ‘ಈ ಪುರಾತನ ಕೊಳವನ್ನು ಬರಹಮುಕ್ತಗೊಳಿಸಿದ ಮಹನೀಯರು’ ಅಂತ ಬರೆದು ಕೆಳಗೆ ನಮ್ಮೆಲ್ಲರ ಹೆಸರು ಹಾಕು. ನನ್ನದು ಮೊದಲು. ಮಳೆಗೆ ಹೋಗಬಾರದು, ಒಳ್ಳೇ ಪೇಂಟೇ ಇರಲಿ.” ಅಜ್ಜಿಯನ್ನು ಕಂಡು ಅವರಿಗೆ ಇದ್ದಕ್ಕಿದ್ದ ಹಾಗೆ ಔದಾರ್ಯ ಉಕ್ಕಿತು. “ಅಜ್ಜೀದೂ ಸೇರಿಸಪ್ಪ, ಪಾಪ, ಕೊನೇಲಿ.”

ಅಜ್ಜಿ ನಾರು ಕೆಳಗಿಟ್ಟು ಕೈಮುಗಿದಳು. “ನನ್ನ ಹೆಸರು ಮಾತ್ರ ಬ್ಯಾಡ ಕಣಪ್ಪೋ. ನಾಳೀಕೆ ಉಜ್ಜಾಕೆ ಮತ್ತೆ ನನ್ನೇ ಕರೀತಾರೆ!”

ನನಗೆ ಬ್ರಷ್ಷು ಹಿಡಿಯೋಕೆ ಕೈ ಬರಲಿಲ್ಲ. ಪೇಂಟು ಮುಗಿದುಹೋಗಿದೆ ಅಂತ ಸುಳ್ಳು ಹೇಳಿ ಬಸ್ಸು ಹತ್ತಿದೆ.

ಉಕ್ತಲೇಖನ

ಇದು ಕಣಕಟ್ಟೆ ಕಡೆಯ ಒಂದು ಹೈಸ್ಕೂಲಿನದು. ಗೋಡೆಗೆ ಬಣ್ಣ ಬಳಿಯಬೇಕು ಅಂತ ಹೇಳಿಕಳಿಸಿದ್ದರು. ಹೋದೆ. ರಸ್ತೆ ಕಡೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ದಪ್ಪಗೆ ಬರೆದಿತ್ತು: ‘ನಮ್ಮ ಹೆಡ್‌ಮಾಸ್ಟರ್ ಒಬ್ಬ ಕತೆ.’

ಹೆಡ್‌ಮಾಸ್ಟರು ಗಣಿತದವರು. ಎರಡು ದಿನದಿಂದ ಅದನ್ನು ನೋಡಿಕೊಂಡೇ ಓಡಾಡಿದ್ದರಂತೆ, ಏನೋ ಹೊಗಳಿಕೆ ಇರಬೇಕು ಅಂತ. ಮೂರನೇ ದಿನ ಕನ್ನಡ ಮಾಸ್ತರರು ಸಂಕೋಚದಿಂದ ಬಿಡಿಸಿ ಹೇಳಿದ್ದರು: “ಸಾರ್, ಅದು ಕತೆ ಅಲ್ಲ. ತಕಾರಕ್ಕೆ ಒತ್ತು ಬಿಟ್ಟುಹೋಗಿದೆ.”

ನಾನು ಬಕೆಟ್ಟು ಇಳಿಸಿದ್ದೇ ತಡ, ಹೆಡ್‌ಮಾಸ್ಟರು ಕೂಗಿದರು: “ಮುಟ್ಟಬೇಡ! ಅದು ಸಾಕ್ಷಿ!” ಅವರ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಇಡೀ ಸ್ಕೂಲಿಗೆ ಉಕ್ತಲೇಖನ ಕೊಡುವುದು. ಯಾರು ಒತ್ತು ಬಿಡುತ್ತಾರೋ ಅವರೇ ಕಳ್ಳರು.

“ಸಾರ್, ಸುತ್ತ, ಮುತ್ತ ಅಂತ ಬೇರೆ ಪದ ಕೊಡೋಣ” ಅಂದರು ಕನ್ನಡ ಮಾಸ್ತರರು.

“ಕೂಡದು. ಗೋಡೆ ಮೇಲಿನ ವಾಕ್ಯವೇ ಆಗಬೇಕು. ಕೈಬರಹವೂ ತಾಳೆ ಆಗಬೇಕಲ್ಲ. ಬೇರೆಯವರನ್ನ ನಂಬಲ್ಲ, ನಾನೇ ಕೊಡ್ತೀನಿ!”

ಎಂಟನೇ ಕ್ಲಾಸಿನಿಂದ ಶುರು. ನಾನು ಜಗಲಿ ಮೇಲೆ ಬಕೆಟ್ಟಿನ ಪಕ್ಕ ಕೂತು ಕೇಳುತ್ತಿದ್ದೆ.

“ಎಲ್ಲರೂ ಬರೀರಿ. ನಮ್ಮ ಹೆಡ್‌ಮಾಸ್ಟರ್ ಒಬ್ಬ ಕತ್ತೆ.”

ಒಬ್ಬಳು ಹುಡುಗಿ ಮೆಲ್ಲಗೆ ಎದ್ದು, “ಸಾರ್, ಸರಿಯಾಗಿ ಕೇಳಿಸ್ಲಿಲ್ಲ ಸಾರ್” ಅಂದಳು. ಹೆಡ್‌ಮಾಸ್ಟರು ದನಿ ಏರಿಸಿ ಇನ್ನೊಮ್ಮೆ ಹೇಳಿದರು. ಹಿಂದಿನ ಬೆಂಚಿನಿಂದ ಇನ್ನೊಂದು ದನಿ: “ಸಾರ್, ಒಬ್ಬ ಆದ್ಮೇಲೆ ಏನ್ ಸಾರ್?”

“ಕತ್ತೆ ಕಣ್ರೋ, ಕತ್ತೆ! ಒತ್ತಿ ಹೇಳ್ತೀನಿ ಕೇಳ್ರಿ, ಕತ್-ತೆ!”

ಒಂಬತ್ತು, ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಅವರ ಗಂಟಲು ರಸ್ತೆ ದಾಟಿತ್ತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕಾಂಪೌಂಡಿಗೆ ಒರಗಿ ನಿಂತಿದ್ದರು. ಒಬ್ಬ ಮುದುಕಪ್ಪ, “ಪಾಪ, ಒಳ್ಳೇ ಮನ್ಸ. ತಾವೇ ಒಪ್ಕಂತಾವ್ರೆ” ಅಂದ.

ಅಷ್ಟರಲ್ಲಿ ಬಸ್ಸು ಬಂತು. ಅದರಿಂದ ಇಳಿದವರು, ಮುನ್ಸೂಚನೆ ಇಲ್ಲದೆ ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರು! ನೇರ ಆಫೀಸ್ ರೂಮಿಗೆ ಹೋದರು. ಮೇಜಿನ ಮೇಲೆ ಇಡೀ ಸ್ಕೂಲಿನ ನೋಟ್‌ಬುಕ್ಕಿನ ರಾಶಿ. ಒಂದು ತೆರೆದರು. ಕನ್ನಡಕ ಒರೆಸಿಕೊಂಡು ಇನ್ನೊಂದು ತೆರೆದರು. ಹೀಗೇ ಹತ್ತಾರು ನೋಡಿದರು.

“ಇದನ್ನ ಯಾರ್ರೀ ಬರೆಸಿದ್ದು?”

“ನಾನೇ ಸಾರ್” ಅಂದರು ಹೆಡ್‌ಮಾಸ್ಟರು, ಬೆವರು ಒರೆಸಿಕೊಳ್ಳುತ್ತ.

“ಎಲ್ಲ ಕ್ಲಾಸಿಗೂ?”

“ಎಲ್ಲ ಕ್ಲಾಸಿಗೂ ಸಾರ್. ತಪ್ಪು ಬರೆದವನನ್ನ ಹಿಡಿಯೋಕೆ...”

ಇನ್ಸ್‌ಪೆಕ್ಟರು ಕೊನೆಯ ನೋಟ್‌ಬುಕ್ಕು ಮುಚ್ಚಿ ನಿಟ್ಟುಸಿರು ಬಿಟ್ಟರು. “ಒಬ್ಬನೂ ತಪ್ಪು ಬರೆದಿಲ್ಲ ಕಣ್ರೀ. ನನ್ನ ಸರ್ವೀಸಿನಲ್ಲಿ, ಇಡೀ ಸ್ಕೂಲಿಗೆ ಇಷ್ಟು ಚೆನ್ನಾಗಿ ಮನದಟ್ಟಾಗಿರೋ ಪಾಠ ನಾನು ನೋಡ್ತಿರೋದು ಇದೊಂದೇ!”