ಹಸಿರು ಕಂಬಗಳು ಮತ್ತು ಅತ್ತೆಯ ಚಪ್ಪಲಿ

ಅತ್ತೆಯ ಎದುರು ಅಳಿಯನಾದವನು ಯಾವುದಾದರೂ ಒಂದು ವಿಷಯದಲ್ಲಿ ಪಂಡಿತನಾಗಿರಲೇಬೇಕು. ನನಗೆ ಸಂಗೀತ ಬಾರದು, ಸಂಸ್ಕೃತ ಬಾರದು, ಕುಕ್ಕರಿನ ಮುಚ್ಚಳ ಹಾಕುವುದಕ್ಕೂ ಹೆಂಡತಿಯನ್ನು ಕರೆಯಬೇಕು. ಹೀಗಾಗಿ ಅತ್ತೆ ಧಾರವಾಡದಿಂದ ಲೋವರ್ ಹಟ್ ಎಂಬ ಊರಿನ ನಮ್ಮ ಮನೆಗೆ ಬಂದಾಗ ನಾನು ಆರಿಸಿಕೊಂಡ ವಿಷಯ ನ್ಯೂಜಿಲೆಂಡ್. ಇಲ್ಲಿ ಗಾಳಿ ಹೀಗೇಕೆ ಬೀಸುತ್ತದೆ, ಮೂಲೆಯ ಅಂಗಡಿಗೆ ಡೈರಿ ಎಂದೇಕೆ ಹೆಸರು, ಎಲ್ಲದಕ್ಕೂ ನನ್ನಲ್ಲಿ ಉತ್ತರವಿತ್ತು. ಗೊತ್ತಿರದಿದ್ದರೆ ನಿಂತಲ್ಲಿಯೇ ತಯಾರಿಸುತ್ತಿದ್ದೆ. ಅತ್ತೆ ಭಕ್ತಿಯಿಂದ ತಲೆದೂಗುತ್ತಿದ್ದರು. ಹೆಂಡತಿ ಸುಧಾ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಆ ಹುರುಪಿನಲ್ಲೇ ಇಬ್ಬರನ್ನೂ ದಕ್ಷಿಣದ ತುದಿಯ ಒಂದು ಪುಟ್ಟ ದ್ವೀಪಕ್ಕೆ ಕರೆದೊಯ್ದೆ. ವಿಮಾನ, ಬಸ್ಸು, ಆಮೇಲೆ ದೋಣಿ. ಗುಡ್ಡ ನೇರ ಸಮುದ್ರಕ್ಕೇ ಇಳಿದಿರುವುದರಿಂದ ಅಲ್ಲಿ ಮನೆ ಕಟ್ಟಲು ನೆಲವಿಲ್ಲ. ಊರಿಗೆ ಊರೇ ಮರದ ಕಂಬಗಳ ಮೇಲೆ ನಿಂತಿದೆ. ಗುಡ್ಡದ ಕಾಡಿನಲ್ಲಿ ಸಂಜೆ ಹೊತ್ತು ಹಾರಲಾರದ ಕಿವಿ ಹಕ್ಕಿ ಹೊರಗೆ ಬರುತ್ತದೆ. ಅದನ್ನು ಕಣ್ಣಾರೆ ನೋಡಿಯೇ ಬರುತ್ತೇನೆಂದು ಅತ್ತೆ ಭಜನಾ ಮಂಡಳಿಯ ಗೆಳತಿಯರಿಗೆಲ್ಲ ಆಗಲೇ ಫೋನು ಮಾಡಿ ಹೇಳಿದ್ದರು.

ನಾವು ಮಧ್ಯಾಹ್ನ ಇಳಿದಾಗ ಮನೆಗಳ ಕೆಳಗೆ ಬರೀ ಮರಳು. ಸಮುದ್ರ ಎಲ್ಲೋ ದೂರದಲ್ಲಿ ಮಿಂಚುತ್ತಿತ್ತು. ನಾವು ಬಾಡಿಗೆಗೆ ಹಿಡಿದಿದ್ದ ಮನೆಗೆ ಮರಳಿನ ಮೇಲೆ ಪೆಟ್ಟಿಗೆ ಎಳೆದುಕೊಂಡು ಹೋದೆವು.

"ಕಂಬದ ಬುಡಕ್ಕಷ್ಟ ಹಸಿರ ಬಣ್ಣ ಯಾಕ ಹಚ್ಯಾರ್ರಿ?" ಎಂದರು ಅತ್ತೆ.

"ಇಲ್ಲಿಯವರ ಪದ್ಧತಿರಿ ಅತ್ತಿಯವರ. ಕಾಡಿನ ಬಣ್ಣ, ಹೊಂದಿಕಿ ಆಗಲಿ ಅಂತ."

ಅತ್ತೆ ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟರು. ಹೊರಗಿನ ಚಪ್ಪಲಿ ಹೊಸ್ತಿಲು ದಾಟಕೂಡದು. ಅದು ಧಾರವಾಡದಲ್ಲಾದರೂ ಸರಿ, ದಕ್ಷಿಣ ಧ್ರುವದಲ್ಲಾದರೂ ಸರಿ. ಹಿಮ್ಮಡಿ ನೋವಿಗೆಂದು ಡಾಕ್ಟರು ಹೇಳಿ ಕೊಡಿಸಿದ ಮೆತ್ತನೆಯ ಚಪ್ಪಲಿ ಅದು. ಅದಿಲ್ಲದೆ ಅವರಿಗೆ ಹತ್ತು ಹೆಜ್ಜೆ ನಡೆಯಲಾಗದು. ಹಿಂದೊಮ್ಮೆ ಮಠದ ಮುಂದೆ ಬಿಟ್ಟ ಚಪ್ಪಲಿ ಕಳುವಾದಂದಿನಿಂದ ಅವರಿಗೆ ಅನುಮಾನ ಬೇರೆ.

"ಇಲ್ಲೇ ಬಿಟ್ರ ನಡೀತದಲ್ರಿ?"

"ಈ ದೇಶದಾಗ ನಿಮ್ಮ ಚಪ್ಪಲಿ ಯಾರೂ ಮುಟ್ಟೂದಿಲ್ರಿ. ನಾ ಹೇಳತೇನಿ," ಎಂದು ಪಕ್ಕದಲ್ಲಿ ನನ್ನ ಹೊಸ ಬೂಟುಗಳನ್ನೂ ಜೋಡಿಸಿಟ್ಟೆ. ಸುಧಾ ತನ್ನವನ್ನು ಚೀಲದಲ್ಲಿ ಹಾಕಿಕೊಂಡು ಮೇಲೆ ಹತ್ತಿದಳು.

ಚಹಾ ಆಯಿತು, ಒಂದು ನಿದ್ದೆಯೂ ಆಯಿತು. ಹಕ್ಕಿ ನೋಡಲು ಹೊರಟು ಬಾಗಿಲು ತೆಗೆದರೆ ಮರಳೂ ಇಲ್ಲ, ಕೆಳಗಿನ ಮೆಟ್ಟಿಲುಗಳೂ ಇಲ್ಲ, ಅಲ್ಲಿ ಬಿಟ್ಟ ಚಪ್ಪಲಿ ಬೂಟುಗಳೂ ಇಲ್ಲ. ಉಬ್ಬರವೇರಿದ ಸಮುದ್ರ ಕಂಬಗಳ ಹಸಿರು ಪಾಚಿಯ ಗುರುತಿನವರೆಗೂ ಬಂದು ಮನೆಯ ಕೆಳಗೆ ಆರಾಮಾಗಿ ಕುಳಿತಿತ್ತು. ನಾನು ಗದಗಿನವನು. ನಲ್ಲಿಯ ಮುಂದೆ ಕೊಡ ಸಾಲಿಟ್ಟು, ಬಾರದ ನೀರಿಗೆ ದಿನಗಟ್ಟಲೆ ಕಾದು ಬೆಳೆದವನು. ನೀರು ತಾನಾಗಿ, ಹೊತ್ತಿಗೆ ಸರಿಯಾಗಿ, ಮನೆಬಾಗಿಲಿಗೆ ಬರುತ್ತದೆಂದು ನನಗೆ ಹೇಗೆ ಹೊಳೆಯಬೇಕು?

ಅತ್ತೆ ಕಟಕಟೆ ಹಿಡಿದು ಬಗ್ಗಿ ನೋಡಿದರು. "ನೀವು ಹೇಳಿದ್ದ ಬಣ್ಣ ಪೂರ್ತಿ ಮುಳಗೇದ ನೋಡ್ರಿ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು. ಆಮೇಲೆ ಮೆಲ್ಲಗೆ, "ಇನ್ನ ಹಕ್ಕಿ ನೋಡಿಧಂಗನ," ಎಂದು ಕುರ್ಚಿಯಲ್ಲಿ ಕುಳಿತರು. ಅವರ ಮುಖ ನೋಡಲಾಗದೆ ನಾನು ಸಮುದ್ರ ನೋಡಿದೆ. ಸುಧಾ ನನ್ನನ್ನು ನೋಡಿದಳು.

ನಮ್ಮ ಅವಸ್ಥೆ ಕಂಡು ಪಕ್ಕದ ಮನೆಯ ಹೆಂಗಸು ಹೊರಗೆ ಬಂದರು. ವಿಷಯ ತಿಳಿದು ನಕ್ಕಿದ್ದೇ ನಕ್ಕಿದ್ದು. ತೇಲುವುದೆಲ್ಲ ದೋಣಿಕಟ್ಟೆಯ ಮೂಲೆಗೇ ಹೋಗಿ ಸೇರುತ್ತದಂತೆ. ಉದ್ದ ಕೋಲಿನ ಬಲೆ ಹಿಡಿದು ಹೋದವರು ಸ್ವಲ್ಪ ಹೊತ್ತಿಗೆ ಅತ್ತೆಯ ಚಪ್ಪಲಿ ಎರಡನ್ನೂ ಹಿಡಿದು ತಂದರು. ಅತ್ತೆಗೆ ಹೋದ ಜೀವ ಬಂದಂತಾಯಿತು. ನನ್ನ ಬೂಟುಗಳು ಮಾತ್ರ ತೇಲುವ ಜಾತಿಯವಲ್ಲ. ನೀರು ಒಳಗೆ ಹೋಗುವುದೇ ಇಲ್ಲವೆಂದು ಅಂಗಡಿಯವನು ಹೇಳಿದ್ದ.

ಹಿಂಬಾಗಿಲಿನಿಂದ ಗುಡ್ಡಕ್ಕೆ ಹಲಗೆಯ ಹಾದಿಯಿತ್ತು. ಒದ್ದೆ ಚಪ್ಪಲಿ ಪಚಪಚ ಅನ್ನಿಸುತ್ತ ಅತ್ತೆ ಮಗಳೊಂದಿಗೆ ಹೊರಟರು. ನಾನು ಬರಿಗಾಲಲ್ಲಿ ಮನೆ ಕಾಯುತ್ತ ಕುಳಿತೆ. ಮರಳಿ ಬಂದಾಗ ಅತ್ತೆಯ ಮುಖವೆಲ್ಲ ಹಿಗ್ಗು. "ನೀವು ಕೂಡ್ರಿ, ನಾ ಹೇಳತೇನಿ," ಎಂದು ಕಿವಿ ಹಕ್ಕಿಯ ಕೊಕ್ಕಿನಿಂದ ಹಿಡಿದು ನಡಿಗೆಯವರೆಗೆ ವಿವರಿಸಿದರು. ನಾನು ಭಕ್ತಿಯಿಂದ ತಲೆದೂಗಿದೆ.

ಲೋವರ್ ಹಟ್‌ಗೆ ವಾಪಸಾದೆವು. ಬಾಗಿಲಲ್ಲಿ ಅತ್ತೆ ಚಪ್ಪಲಿ ಕಳಚಿ, ಕೈಯಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಿದರು. ನಾನು ದಂಗಾದೆ. "ಅತ್ತಿಯವರ, ಇಲ್ಲಿ ನೀರು ಬರೂದಿಲ್ರಿ. ನಾ ಹೇಳತೇನಲ್ಲ," ಎಂದೆ.

"ನೀವು ಹೇಳತೀರಿ ಅಂತನ ಒಳಗ ತೊಗೊಂಡು ಹೊಂಟೇನ್ರಿ," ಎಂದರು ಅತ್ತೆ.