ಮೂರನೇ ಮಗ್ಗದ ತಾಳ

ಅರವತ್ತು ದಾಟಿ ವಿದ್ಯಾರ್ಥಿಯಾದವನಿಗೆ ಒಂದಿಷ್ಟು ಮರ್ಯಾದೆ ಕೊಟ್ಟರೆ ಯಾರ ಗಂಟು ಹೋಗುತ್ತದೆ? ದೊಡ್ಡಬಳ್ಳಾಪುರದಲ್ಲಿ ಹಾರ್ಮೋನಿಯಂ ಮೇಷ್ಟ್ರಾಗಿದ್ದ ನಾನು, ನಿವೃತ್ತಿಯ ನಂತರ ಸುಮ್ಮನಿರಲಾರದೆ ಆನ್‌ಲೈನಿನಲ್ಲಿ ಸಂಗೀತ ತಂತ್ರಜ್ಞಾನದ ಕೋರ್ಸಿಗೆ ಸೇರಿದೆ. ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯೂ ಅದರಲ್ಲೇ ಇತ್ತು. ಹಿಂದಿನವರು ರೈಲಿನ ಸದ್ದನ್ನು ಹಿಡಿದು, ಟೇಪು ಕತ್ತರಿಸಿ ಅಂಟಿಸಿ, ಅದನ್ನೇ ಸಂಗೀತ ಎಂದರಂತೆ. "ನೀವೂ ನಿಮ್ಮೂರಿನ ಸದ್ದಿನಿಂದ ಒಂದು ಕೃತಿ ಮಾಡಿ" ಎಂದರು ಮೇಡಂ. ಮೇಡಂ ನನ್ನ ಮಗಳಿಗಿಂತ ಚಿಕ್ಕವರು, ಅದಿರಲಿ.

ನಮ್ಮೂರಿನ ಸದ್ದೆಂದರೆ ಮಗ್ಗದ್ದು. ಪಕ್ಕದ ಬೀದಿಯ ಸರೋಜಮ್ಮನವರ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್‌ಗಳಿವೆ. ನಾನು ಮೈಕ್ ಹಿಡಿದು ಹೋದೊಡನೆ ನಾಲ್ಕನ್ನೂ ನಿಲ್ಲಿಸಿಬಿಟ್ಟರು.

"ಈಗ ಗಲಾಟೆ ಇಲ್ಲ ಮೇಷ್ಟ್ರೇ, ರೆಕಾರ್ಡ್ ಮಾಡ್ಕೊಳ್ಳಿ."

"ಗಲಾಟೆನೇ ಬೇಕಾಗಿರೋದು ಕಣಮ್ಮಾ!"

ಮೇಲಿಂದ ಕೆಳಗೆ ನನ್ನನ್ನೊಮ್ಮೆ ನೋಡಿ ಮಗ್ಗ ಶುರುಮಾಡಿದರು. ಮೂರನೆಯದರ ಹತ್ತಿರ ಮೈಕ್ ಹಿಡಿದರೆ, ನಾಲ್ಕು ಹೊಡೆತಕ್ಕೊಮ್ಮೆ ಒಂದು ಸಣ್ಣ ತಡವರಿಕೆ. ಎಂಥ ತಾಳ! ಹತ್ತು ದಿನ ಕೂತು ಅದಕ್ಕೆ ಪ್ರತಿಧ್ವನಿ ಸೇರಿಸಿದೆ, ಹಿಂದುಮುಂದು ಮಾಡಿದೆ, ತಂಬೂರಿ ಬೆರೆಸಿದೆ. ಮಿಕ್ಸಿ ಕೆಟ್ಟಿತೆಂದು ನನ್ನ ಹೆಂಡತಿ ಎರಡು ಸಲ ಅಡುಗೆಮನೆಗೆ ಓಡಿದಳು. ಕೆಲಸ ಮುಗಿದ ಮೇಲೆ, ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಮೂಲ ರೆಕಾರ್ಡಿಂಗ್ ಅಳಿಸಿದೆ.

ಮೊದಲು ಸರೋಜಮ್ಮನವರಿಗೇ ಕೇಳಿಸಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ ಹೆಡ್‌ಫೋನ್ ಕಿತ್ತರು. "ಅಯ್ಯೋ, ಮೂರನೇದ್ರಲ್ಲಿ ಬೋಲ್ಟ್ ಸಡಿಲ ಆಗ್ಬಿಟ್ಟಿದೆ! ಅದಕ್ಕೇ ಸೀರೇಲಿ ಎಳೆ ಕಿತ್ತೋಗ್ತಿದ್ದಿದ್ದು!"

"ಸಂಗೀತ ಹೇಗಿತ್ತಮ್ಮಾ?"

"ಯಾವ್ ಸಂಗೀತ?" ಎನ್ನುತ್ತಾ ಸ್ಪ್ಯಾನರ್ ಹುಡುಕಲು ಹೋದರು.

ಅವರಾದರೂ ನೇಯುವವರು. ಮೇಡಂ ಏನೆಂದು ಬರೆದರು ಗೊತ್ತೇ? "ಸರ್, ಮಗ್ಗದ ತಾಳ ಅದ್ಭುತ. ಮೇಲಿನ ಅಲಂಕಾರವೆಲ್ಲ ತೆಗೆದು ಅದೊಂದನ್ನೇ ಕಳಿಸಿ. ಹೀಗಿದ್ದರೆ ಪಾಸು ಮಾಡಲಾರೆ." ನನ್ನ ಹತ್ತು ದಿನದ ಕೃತಿ ಅಲಂಕಾರವಂತೆ!

ಉರಿದುಕೊಂಡೇ ಶೆಡ್ಡಿಗೆ ಹೋದೆ. ಮೂರನೇ ಮಗ್ಗ ಈಗ ಒಂದಿಷ್ಟೂ ತಡವರಿಸದೆ ಓಡುತ್ತಿತ್ತು. "ಆ ಬೋಲ್ಟು ಒಂದೈದು ನಿಮಿಷ ಸಡಿಲ ಮಾಡ್ತೀರಾ?" ಎಂದೆ.

"ಮದುವೆ ಸೀರೆ ಮಗ್ಗದ ಮೇಲಿದೆ ಮೇಷ್ಟ್ರೇ, ತಮಾಷೆ ಆಡ್ಬೇಡಿ."

ಬೇರೆ ದಾರಿಯಿಲ್ಲದೆ, ಮೈಕ್ ಇಟ್ಟುಕೊಂಡು ಅಂಗಳದಲ್ಲಿದ್ದ ಮರದ ಹಲಗೆಯನ್ನು ಬಡಿದು ಆ ತಾಳ ನುಡಿಸಲು ಕೂತೆ. ಸರೋಜಮ್ಮ ಒಳಗಿಂದಲೇ, "ತಡ ಆಯ್ತು... ಈಗ ಬೇಗ ಆಯ್ತು..." ಎನ್ನುತ್ತಿದ್ದರು. ಕೊನೆಗೆ ಸಹಿಸಲಾರದೆ ಬಂದು, "ಕೊಡಿ ಇಲ್ಲಿ" ಎಂದು ಹಲಗೆ ಕಸಿದು ಎರಡು ನಿಮಿಷ ಬಾರಿಸಿದರು. ಅದನ್ನೇ ಕಳಿಸಿದೆ. ಪಾಸಾದೆ.

"ಇಷ್ಟು ಖಚಿತವಾಗಿ ನುಡಿಸಿದವರು ಯಾರು?" ಎಂದು ಮೇಡಂ ಕೇಳಿದ್ದಾರೆ. ಉತ್ತರ ಬರೆಯಲು ಕೂತು ಇವತ್ತಿಗೆ ಎರಡು ದಿನವಾಯಿತು.