ವಲೆನ್ಸಿಯದಲ್ಲಿ ಒಂದು ನಿಮಿಷ

ನಿನ್ನೆ ಮಾಡಿದ ಕೆಲಸ ಇಷ್ಟು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ನೆನೆಸಿದ್ದ ಹುರುಳಿಕಾಳು ಬೇಯಲಿಟ್ಟೆ. ಮಿಕ್ಸಿ ಜಾರಿಗೆ ಹೊಸ ವಾಷರ್ ಹಾಕಿದೆ; ಉಲ್ಟಾ ಹಾಕಿದ್ದು ಚಟ್ನಿಯೆಲ್ಲ ಕಟ್ಟೆಯ ಮೇಲೆ ಹರಿದ ಮೇಲೆ ತಿಳಿಯಿತು, ಮತ್ತೆ ಸರಿಯಾಗಿ ಹಾಕಿದೆ. ಹಿತ್ತಲಿನ ಖಾಲಿ ಶೆಡ್ಡು ಗುಡಿಸಿದೆ. ಸ್ಪೇನ್ ಹೇಗಿತ್ತು ಎಂದು ಕೇಳಿಕೊಂಡು ಬಂದ ಮೂವರಿಗೆ ಕಾಫಿ ಕೊಟ್ಟು, ಚೆನ್ನಾಗಿತ್ತು ಎಂದೆ.

ಇಷ್ಟನ್ನೂ ನೆನಪಿನ ಬಲದಿಂದ ಹೇಳುತ್ತಿಲ್ಲ. ನಮ್ಮ ಅಡುಗೆಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ನಾನು ಆಯಾ ದಿನದ ಸಮಾಚಾರ ಬರೆದಿಡುತ್ತೇನೆ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗ ಹಾಲಿನ ಲೆಕ್ಕಕ್ಕೆಂದು ಶುರುವಾದದ್ದು, ಆಮೇಲೆ ಸಿಲಿಂಡರು ಬಂದ ದಿನ, ಮಗಳು ಹೇಮಳಿಗೆ ಜ್ವರ ಬಂದ ದಿನ ಎಂದು ಬೆಳೆದು, ಕೊನೆಗೆ ರಾತ್ರಿ ಊಟಕ್ಕೆ ಏನಿತ್ತು, ಯಾರು ಮೊದಲು ಮಲಗಿದರು ಎನ್ನುವಲ್ಲಿಗೆ ಬಂದು ನಿಂತಿದೆ. ಯಾರು ಮೊದಲು ಮಲಗಿದರೆ ಯಾರಿಗೇನು ಎಂದು ನಮ್ಮ ಯಜಮಾನರು ನಗುತ್ತಾರೆ. ಅವರು ನಗುವುದಕ್ಕೆ ಕಾರಣವಿದೆ. ಮೂವತ್ತು ವರ್ಷದ ಕ್ಯಾಲೆಂಡರುಗಳಲ್ಲಿ ಮುಕ್ಕಾಲುಪಾಲು ಅವರ ಹೆಸರೇ ಇದೆ.

ಸ್ಪೇನಿಗೂ ಆ ಹಾಳೆ ಬಂದಿತ್ತು. ಫೆಬ್ರವರಿಯದನ್ನು ಹರಿದು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡಿದ್ದೆ. ಈಗ ತೆಗೆದು ನೋಡಿದರೆ, ಐನೂರು ವರ್ಷದ ಕಟ್ಟಡಗಳಿರುವ ಊರಿನಲ್ಲಿ ಸುತ್ತಾಡಿದ ಮೂರು ದಿನಕ್ಕೆ ನಾನು ಬರೆದಿರುವುದು ‘ಮೊಸರು ಸಿಗಲಿಲ್ಲ’, ‘ಮಂಡಿ ನೋವು’, ‘ಬ್ರೆಡ್ಡು ಗಟ್ಟಿ’. ಬರೆಯಬೇಕಾಗಿದ್ದ ಒಂದು ವಿಷಯವನ್ನು ಬರೆದಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ. ಚೌಕದಲ್ಲಿ ಹಿಡಿಸುವುದಿಲ್ಲ.

ಹೇಮ ನಮ್ಮ ಒಬ್ಬಳೇ ಮಗಳು. ಇಪ್ಪತ್ತೊಂಬತ್ತು ವರ್ಷ. ಚಿಂತಾಮಣಿಯ ಕಾಲೇಜೊಂದರಲ್ಲಿ ರೇಷ್ಮೆ ಕೃಷಿಯ ಪಾಠ ಹೇಳುತ್ತಾಳೆ. ಅಲ್ಲೇ ರೂಮು ಮಾಡಿಕೊಂಡಿದ್ದು ಶನಿವಾರ ಸಂಜೆ ಮನೆಗೆ ಬರುತ್ತಾಳೆ. ಕಾಲೇಜಿನವರು ಅವಳನ್ನು ಯಾವುದೋ ತರಬೇತಿಗೆ ಆರು ದಿನ ವಲೆನ್ಸಿಯಕ್ಕೆ ಕಳಿಸಿದಾಗ, ನನ್ನ ಟಿಕೆಟ್ಟನ್ನು ತಾನೇ ತೆಗೆಸಿ, ತರಬೇತಿ ಮುಗಿದ ಮೇಲಿನ ಮೂರು ದಿನಕ್ಕೆ ರಜೆ ಹಾಕಿ, ಬಾಮ್ಮ ಅಂದಳು. ತರಬೇತಿಯ ದಿನಗಳಲ್ಲಿ ನಾನು ಹೋಟೆಲಿನ ರೂಮಿನಲ್ಲೇ ಕೂತು ಅವಳ ಬಟ್ಟೆ ಇಸ್ತ್ರಿ ಮಾಡಿದೆ. ಇಸ್ತ್ರಿ ಮಾಡಿದ್ದನ್ನು ಮಾರನೆಯ ದಿನ ಇನ್ನೊಮ್ಮೆ ಮಾಡಿದೆ. ಮಿಕ್ಕ ಮೂರು ದಿನ ಊರು ನೋಡುವುದಕ್ಕೆ. ಅದಕ್ಕೆ ಹೇಮ ಒಂದೇ ಷರತ್ತು ಹಾಕಿದ್ದಳು. “ಅಮ್ಮ, ಹೊರಗಡೆ ಇದ್ದಾಗ ಫೋನ್ ಎತ್ಬಾರದು. ರೂಮಿಗೆ ಬಂದ್ಮೇಲೆ ಎಷ್ಟಾದ್ರೂ ಮಾತಾಡ್ಕೋ.”

ನಾನು ಒಪ್ಪಿದ್ದೆ. ಆದರೆ ಆ ಕಡೆಯವರು ಒಪ್ಪಬೇಕಲ್ಲ. ಅಲ್ಲಿ ಹನ್ನೊಂದು ಗಂಟೆಯಾದರೆ ಇಲ್ಲಿ ಮೂರೂವರೆ. ನಮ್ಮ ಯಜಮಾನರು ಮಧ್ಯಾಹ್ನದ ಅನ್ನ ಉಂಡು, ರಾತ್ರಿಯ ಚಿಂತೆ ಶುರುಮಾಡುವ ಹೊತ್ತು. ಬೇಳೆಗೆ ಎಷ್ಟು ವಿಷಲ್ಲು? ಹುಣಸೆಹಣ್ಣಿನ ಡಬ್ಬ ಎಲ್ಲಿ? ಹೆಪ್ಪು ಹಾಕುವಾಗ ಹಾಲು ಎಷ್ಟು ಬಿಸಿ ಇರಬೇಕು? ನಾನು ಫೋನು ಎತ್ತಿ, ಹೇಮಳ ಕಡೆ ಕೈ ಅಡ್ಡ ಮಾಡಿ, “ಒಂದ್ನಿಮಿಷ ಇರಮ್ಮ” ಅನ್ನುತ್ತಿದ್ದೆ. ಇಗರ್ಜಿಯ ಗಂಟೆ ಗೋಪುರಕ್ಕೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲಿವೆ ಎಂದು ಕೇಳಿಯೇ ನನ್ನ ಮಂಡಿ ಕೆಳಗೆ ಕೂತುಬಿಟ್ಟಿತು. ಹೇಮ ಒಬ್ಬಳೇ ಹತ್ತಿದಳು. ಮೇಲಿನಿಂದ ಎರಡೂ ಕೈ ಎತ್ತಿ ಬೀಸಿದಳಂತೆ, ಅಮ್ಮಾ ಎಂದು ಕೂಗಿದಳಂತೆ. ನಾನು ತಲೆ ಬಗ್ಗಿಸಿಕೊಂಡು, ಹೆಪ್ಪಿಗೆ ಹಾಲು ಬೆರಳು ಸುಡಬಾರದು, ಬೆರಳಿಗೆ ಹಿತವಾಗಿರಬೇಕು ಎಂದು ಶಿಡ್ಲಘಟ್ಟಕ್ಕೆ ವಿವರಿಸುತ್ತಿದ್ದೆ. ಅವಳು ಇಳಿದು ಬಂದಳು. ಮೊಸರು ಆಯಿತಾ ಎಂದಷ್ಟೇ ಕೇಳಿದಳು.

ಮೊಸರು ಅಂದರೆ ನೆನಪಾಯಿತು. ನಮ್ಮ ಕಡೆಯವರಿಗೆ ಒಂದು ಖಾಯಿಲೆ ಉಂಟು. ಎದುರಿನವರಿಗೆ ಕನ್ನಡ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ನಾಲಿಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. ಅವರು ಯಾವ ದೇಶದವರು ಎಂದು ನಾಲಿಗೆ ವಿಚಾರಿಸುವುದಿಲ್ಲ. ವಲೆನ್ಸಿಯದ ಒಂದು ಸಣ್ಣ ಅಂಗಡಿಯಲ್ಲಿ ನಾನು ಮೊಸರು ಇದೆಯೇ ಎಂದು ಕೇಳಿದೆ, ಅಂಗಡಿಯಾತ ಮಿಕಿಮಿಕಿ ನೋಡಿದ, ತಕ್ಷಣ “ಪೆರುಗು, ಪೆರುಗು ಉಂದಾ?” ಎಂದೆ. ಆತನ ಮುಖ ಗಂಭೀರವಾಯಿತು. ಕೌಂಟರಿನಿಂದ ಈಚೆ ಬಂದು, ನನ್ನ ಕಾಲ ಹತ್ತಿರ ನೋಡಿದ, ಬಾಗಿಲಾಚೆ ನೋಡಿದ, ಗಾಜಿಗೆ ಅಂಟಿಸಿದ್ದ ಒಂದು ಚಿತ್ರವನ್ನು ತೋರಿಸಿದ. ನಾಯಿಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಅವರ ಭಾಷೆಯಲ್ಲಿ ನಾಯಿಗೆ ಪೆರ್ರೊ ಅನ್ನುತ್ತಾರಂತೆ. ಹೇಮ ಬೀದಿಯಲ್ಲಿ ಕೂತು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಹೈಸ್ಕೂಲಿನ ಹುಡುಗಿ ನಕ್ಕಹಾಗೆ. ಆ ಪ್ರವಾಸದಲ್ಲಿ ಅವಳು ಹಾಗೆ ನಕ್ಕದ್ದು ಅದೇ ಕೊನೆ. ಅದಕ್ಕೇ ಇಷ್ಟು ವಿವರವಾಗಿ ಹೇಳಿದೆ.

ಆ ಊರಿನ ಬೀದಿಬೀದಿಯಲ್ಲೂ ಕಿತ್ತಳೆಮರ. ಮರದ ತುಂಬ ಹಣ್ಣು, ಕೀಳುವವರೇ ಇಲ್ಲ. ಕಹಿಯಂತೆ, ತಿನ್ನುವ ಜಾತಿಯಲ್ಲವಂತೆ. ನಾನು ಒಂದನ್ನು ಉಗುರಿನಲ್ಲಿ ಗೀರಿ ಮೂಸಿದೆ. ನಮ್ಮ ಹೇರಳೆಕಾಯಿಯ ಅಕ್ಕನೋ ತಂಗಿಯೋ ಇರಬೇಕು. ಗೊಜ್ಜಿಗೆ ಅದಕ್ಕಿಂತ ಬೇಕೆ? ಬಿದ್ದಿದ್ದ ನಾಲ್ಕನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡೆ. ಹೇಮ ತೆಗೆಸಿದಳು. ವಿಮಾನದಲ್ಲಿ ಬಿಡುವುದಿಲ್ಲ, ಇಲ್ಲಿ ಗೊಜ್ಜು ಮಾಡಲು ಒಲೆ ಇಲ್ಲ, ಬೀದಿಯಲ್ಲಿ ಎಲ್ಲರೂ ನೋಡುತ್ತಿದ್ದಾರೆ ಎಂದು ಮೂರು ಕಾರಣ ಕೊಟ್ಟಳು. ಮೇಷ್ಟ್ರಲ್ಲವೇ.

ಮೂರನೆಯ ದಿನಕ್ಕೆ ಅವಳು ಒಂದೇ ಜಾಗ ಉಳಿಸಿಟ್ಟಿದ್ದಳು. ಹಳೆಯ ಕಾಲದ ರೇಷ್ಮೆ ವ್ಯಾಪಾರದ ಮನೆ. ಮೊದಲ ದಿನವೇ ಕೇಳಿದರೆ, “ಅದು ಕೊನೇಲಿ ನೋಡೋದು, ಅಲ್ಲಿ ನಿಂಗೊಂದು ಮಾತ್ ಹೇಳೋದಿದೆ” ಅಂದಿದ್ದಳು. ಏನಿರಬಹುದೆಂದು ನಾನು ಎರಡು ರಾತ್ರಿ ಯೋಚಿಸಿ ಒಬ್ಬ ಅಳಿಯನನ್ನೂ ಅವನ ತಾಯಿಯನ್ನೂ ಕಲ್ಪಿಸಿಕೊಂಡಾಗಿತ್ತು. ಆ ತಾಯಿಯ ಸ್ವಭಾವ ಮಾತ್ರ ಇನ್ನೂ ನಿಕ್ಕಿಯಾಗಿರಲಿಲ್ಲ.

ಒಳಗೆ ಹೋದೆವು. ದೊಡ್ಡ ಹಜಾರ. ಕತ್ತೆತ್ತಿ ನೋಡಬೇಕಾದರೆ ಸ್ವೆಟರಿನ ಮೇಲಿನ ಗುಂಡಿ ಬಿಚ್ಚಬೇಕು, ಅಷ್ಟು ಎತ್ತರ. ಕಂಬಗಳೆಲ್ಲ ತಿರುಚಿಕೊಂಡು ಮೇಲಕ್ಕೆ ಹೋಗಿವೆ. ನೋಡಿದವರೆಲ್ಲ ಬಾಯಿ ಬಿಡುತ್ತಾರೆ. ನಾನು, ಒದ್ದೆ ಸೀರೆ ಹಿಂಡಿದ ಹಾಗಿದೆ ಎಂದೆ. ಹೇಮ, ಸೀರೆಯಲ್ಲ, ರೇಷ್ಮೆ ಹುರಿ ಇರಬಹುದಲ್ಲವೇ ಎಂದಳು. ಹೌದು, ಹುರಿಯೇ. ಕಲ್ಲಿಗೆ ಹುರಿ ಹಾಕಿದ್ದರು. ಗೋಡೆಯ ಸುತ್ತ ಬರೆದ ಅಕ್ಷರಗಳನ್ನು ತೋರಿಸಿ, ವ್ಯಾಪಾರಿಯಾದವನು ಮೋಸ ಮಾಡಬಾರದು ಎಂಬ ಅರ್ಥದ ಮಾತುಗಳು ಎಂದಳು. ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಯ ಗೋಡೆಯಲ್ಲಿ ಉಗುಳಬಾರದು ಎಂದಷ್ಟೇ ಬರೆದಿದೆ ಎಂದೆ. ಅವಳು ಮುಗುಳ್ನಕ್ಕು, ಒಂದು ಕಂಬದ ಬುಡಕ್ಕೆ ಒರಗಿ ನಿಂತಳು. “ಅಮ್ಮ, ಆ ಮಾತು ಹೇಳ್ಲಾ?”

ನನ್ನ ಕೈಚೀಲದೊಳಗೆ ಫೋನು ಗುರುಗುಟ್ಟಿತು. ಒಂದ್ನಿಮಿಷ ಇರಮ್ಮ ಎಂದೆ.

ಇಲ್ಲಿ ನಮ್ಮ ಶೆಡ್ಡಿನ ಸಂಗತಿ ಹೇಳಬೇಕು. ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು ಅದು. ಅತ್ತೆಯ ಕಾಲದಿಂದ ಆರು ಬೇಸಿನ್, ಎಂದರೆ ಗೂಡಿನ ಎಳೆ ಬಿಚ್ಚುವ ಬಿಸಿನೀರಿನ ತೊಟ್ಟಿ, ಇದ್ದವು. ಒಂದರ ಮುಂದೆ ಇಪ್ಪತ್ತು ವರ್ಷ ನಾನೇ ಕೂತಿದ್ದೇನೆ, ಬಿಸಿನೀರಿನಲ್ಲಿ ಬೆರಳಿಟ್ಟುಕೊಂಡು. ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿ, ಟಚ್ ಮೊಬೈಲು ಬಂದ ಹೊಸದರಲ್ಲಿ ಅದಕ್ಕೆ ನನ್ನ ಬೆರಳು ಬೆರಳೆಂದೇ ತಿಳಿಯುತ್ತಿರಲಿಲ್ಲ. ಸತ್ತ ಹುಳದ ವಾಸನೆ ಕೂದಲಿಗೆ, ಬಟ್ಟೆಗೆ, ಅನ್ನಕ್ಕೆ. ಹೇಮಳ ಪಕ್ಕ ಕೂರುವುದಿಲ್ಲ ಎಂದು ಸ್ಕೂಲಿನಲ್ಲಿ ಯಾರೋ ಅಂದ ದಿನದಿಂದ ಅವಳನ್ನು ಶೆಡ್ಡಿನ ಹೊಸಿಲು ದಾಟಲು ಬಿಟ್ಟವಳಲ್ಲ. ಬಾಗಿಲಲ್ಲಿ ನಿಂತು, ಅಮ್ಮ ನಾನೂ ಎಳೆ ಹಿಡೀತೀನಿ ಎಂದು ಕೇಳುತ್ತಿತ್ತು ಮಗು. ಒಂದ್ನಿಮಿಷ ಇರಮ್ಮ, ಬರ್ತೀನಿ ಎಂದು ಅನ್ನುತ್ತಿದ್ದೆ. ಎಳೆ ಬಿಟ್ಟು ಎದ್ದರೆ ಕಡಿದುಹೋಗುತ್ತಿತ್ತಲ್ಲ. ಆಮೇಲೆ ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ಕುಡುಮಲಕುಂಟೆಯ ಫ್ಯಾಕ್ಟರಿ ಸೇರಿದರು. ಯಜಮಾನರ ಭುಜ ಹಿಡಿದುಕೊಂಡಿತು. ಎರಡು ವರ್ಷದಿಂದ ಒಲೆ ಹಚ್ಚಿರಲಿಲ್ಲ. ಆ ಬೇಸಿನ್ನುಗಳನ್ನು ಗುಜರಿಗೆ ಹಾಕಿ ಎಂದು ನಾನೇ ಅವರ ಹಿಂದೆ ಬಿದ್ದಿದ್ದೆ. ಬಟ್ಟೆ ಒಣಗಿಸಲು ಜಾಗ ಬೇಕಿತ್ತು.

ಫೋನಿನಲ್ಲಿ ಅವರು ಹೇಳಿದ್ದು ಅದನ್ನೇ. ಚಿಂತಾಮಣಿ ಕಡೆಯ ಗುಜರಿಯವನು ಟೆಂಪೊ ತಂದು ನಿಂತಿದ್ದಾನೆ, ಆರನ್ನೂ ಎತ್ತುತ್ತೇನೆ ಅನ್ನುತ್ತಾನೆ, ಒಂದನ್ನಾದರೂ ಇಟ್ಟುಕೊಳ್ಳೋಣವೇ, ನಮ್ಮಮ್ಮ ಕೂತಿದ್ದದ್ದು. ಅವರ ದನಿ ಸ್ವಲ್ಪ ಮೆತ್ತಗಿತ್ತು. ಕಾವಲಿನಾಕೆ ನನ್ನ ಕಡೆ ನೋಡಿ ಬಾಯಿಯ ಮೇಲೆ ಬೆರಳಿಟ್ಟಳು. ನಾನು ಕಂಬದ ಮರೆಗೆ ಸರಿದು, ಕಿವಿ ಕೇಳದವರಿಗೆ ಹೇಳುವ ಹಾಗೆ ಹೇಳಿದೆ. “ಒಂದೂ ಬ್ಯಾಡ ಕಣ್ರೀ. ಎಲ್ಲಾ ಕೊಟ್ಬಿಡಿ. ಪೀಡೆ ಕಳೀಲಿ.”

ಐನೂರು ವರ್ಷ ರೇಷ್ಮೆ ವ್ಯಾಪಾರ ಕಂಡ ಕಲ್ಲು. ಅದರಡಿ ನಿಂತು ಪೀಡೆ ಎಂದೆ. ಹಜಾರ ದೊಡ್ಡದು, ಮಾತು ಸೊಗಸಾಗಿ ತಿರುಗಿ ಬಂತು.

ಹಿಂದಿರುಗಿ, ಈಗ ಹೇಳಮ್ಮ ಎಂದೆ. ಅಳಿಯನ ಹೆಸರು ಕೇಳುವ ಮುಖ ಮಾಡಿಕೊಂಡಿದ್ದೆ. ಹೇಮ ಕೇಳಿದಳು: “ಏನ್ ಎಲ್ಲಾ ಕೊಟ್ಬಿಡಿ ಅಂದೆ?”

“ಅದೇ, ಬೇಸಿನ್ನುಗಳು.”

ಅವಳು ಮೇಲೆ ನೋಡಿದಳು. ಕಂಬದ ಹುರಿ ಎಲ್ಲಿಯವರೆಗೆ ಹೋಗಿದೆ ಎಂದು ನೋಡುವವಳ ಹಾಗೆ ಬಹಳ ಹೊತ್ತು ನೋಡಿದಳು. “ಸರಿ ಬಿಡಮ್ಮ,” ಎಂದಳು. ಹೊರಗೆ ಬಂದ ಮೇಲೆ ಒಂದು ಮರದ ಕೆಳಗೆ ಬಗ್ಗಿ, ಬಿದ್ದಿದ್ದ ನಾಲ್ಕು ಕಿತ್ತಳೆ ಆರಿಸಿ, ಸ್ಕಾರ್ಫಿನಲ್ಲಿ ಒರೆಸಿ, ನನ್ನ ಜೇಬಿಗೆ ಹಾಕಿದಳು. ವಿಮಾನದಲ್ಲಿ ಬಿಡುವುದಿಲ್ಲ ಎಂದು ಗೊತ್ತಿದ್ದವಳೇ ಹಾಕಿದಳು.

ಅವಳನ್ನು ಬೆಂಚಿನ ಮೇಲೆ ಕೂರಿಸಿ ಆ ಮಾತನ್ನು ನಾನೇ ಹೊರಡಿಸಿದೆ. ಶೆಡ್ಡನ್ನು ತಾನು ನಡೆಸಬೇಕೆಂದಿದ್ದಳಂತೆ. ಕೆಲಸ ಬಿಟ್ಟಲ್ಲ, ಶನಿವಾರ ಭಾನುವಾರ, ಮೊದಲು ಎರಡೇ ಬೇಸಿನ್ನು. ಅಪ್ಪನಿಗೆ ಹೇಳಿದರೆ ಓದಿಸಿದ್ದು ಇದಕ್ಕೇನೇ ಎಂದಾರು ಎಂದು ಮೊದಲು ನನ್ನನ್ನು ತನ್ನ ಕಡೆ ಮಾಡಿಕೊಳ್ಳಬೇಕಿತ್ತಂತೆ. ಅದಕ್ಕೆ ಅಷ್ಟು ದೂರ ಕರೆದುಕೊಂಡು ಬಂದಿದ್ದಳು. “ಪುಸ್ತಕದಲ್ಲಿರೋದೆಲ್ಲಾ ಪಾಠ ಮಾಡ್ತೀನಿ ಕಣಮ್ಮ. ಗೂಡಿಂದ ಎಳೆ ಹಿಡಿಯೋಕೆ ನಂಗೆ ಸರಿಯಾಗಿ ಬರಲ್ಲ. ನೀನು ಕಲಿಸ್ತೀಯ ಅಂದ್ಕೊಂಡಿದ್ದೆ.”

ನಾನು ಫೋನು ತೆಗೆದೆ. ಇದೊಂದು ಸಲ ಹೇಮಳೂ ಬೇಡವೆನ್ನಲಿಲ್ಲ. ದಿನಕ್ಕೆ ಎಂಟು ಸಲ ಫೋನು ಮಾಡುವ ಮನುಷ್ಯ ಆಗ ಎತ್ತಲಿಲ್ಲ. ಹನ್ನೊಂದು ಸಲ ಮಾಡಿದೆ. ಹೆಂಡತಿ ಹೇಳಿದ ಕೆಲಸ ಒಂದಾದರೂ ಪೂರ್ತಿಯಾಯಿತಲ್ಲ ಎಂಬ ನೆಮ್ಮದಿಯಲ್ಲಿ ಅವರು ಫೋನನ್ನು ಚಾರ್ಜಿಗೆ ಹಾಕಿ ಮಲಗಿಬಿಟ್ಟಿದ್ದರು. ಎದ್ದು ಎತ್ತುವಷ್ಟರಲ್ಲಿ ಟೆಂಪೊ ಕೈವಾರ ದಾಟಿ, ಚಿಂತಾಮಣಿ ಸೇರಿ, ಸುತ್ತಿಗೆಯವರು ಕೆಲಸ ಶುರುಮಾಡಿದ್ದರು. ನೀನೇ ಹೇಳಿದೆಯಲ್ಲ ಎಂದರು. ನಾನೇ ಹೇಳಿದ್ದೆ.

ಆ ದಿನದ ಚೌಕದಲ್ಲಿ ಹೀಗಿದೆ: ‘ಬ್ರೆಡ್ಡು ಗಟ್ಟಿ. ಆಲೂಗಡ್ಡೆ ಆಮ್ಲೆಟ್ಟು. ಮೊದಲು ಮಲಗಿದ್ದು ಹೇಮ.’ ಗೋಡೆಯ ಕಡೆ ತಿರುಗಿ ಮಲಗಿದ್ದಳು ಎನ್ನುವುದು ನಿಜ. ನಿದ್ದೆ ಬಂದಿತ್ತೇ ಎಂದು ನಾನು ಕೇಳಲಿಲ್ಲ. ಕಿತ್ತಳೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು ಬಂದೆವು.

ಬೇಸಿನ್ನಿಗೇನು, ಹುಡುಕಿದರೆ ಇನ್ನೆರಡು ಸಿಗುತ್ತವೆ, ಅವಳು ಹೂಂ ಅನ್ನಲಿ ಎನ್ನುತ್ತಾರೆ ಯಜಮಾನರು. ಓದಿಸಿದ್ದು ಇದಕ್ಕೇನೇ ಎಂದು ಅವರು ಒಂದು ಸಲವೂ ಕೇಳಲಿಲ್ಲ. ಅದೊಂದು ನನಗೂ ಅವಳಿಗೂ ಆಶ್ಚರ್ಯ. ಆದರೆ ಹೇಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಊರಿಗೆ ಬಂದು ತಿಂಗಳಾಯಿತು, ಆ ಮಾತೇ ಎತ್ತಿಲ್ಲ. ಶೆಡ್ಡಿನಲ್ಲಿ ಈಗ ಬೇಕಾದಷ್ಟು ಜಾಗವಿದೆ. ಬೇಸಿನ್ನು ಇದ್ದ ಕಡೆ ನೆಲದಲ್ಲಿ ಆರು ಕಪ್ಪು ಗುರುತು, ಎಷ್ಟು ಗುಡಿಸಿದರೂ ಹೋಗುವುದಿಲ್ಲ. ಬಟ್ಟೆಯನ್ನು ನಾನು ಮೊದಲಿನ ಹಾಗೆ ಮಹಡಿಯ ಮೇಲೇ ಒಣಗಿಸುತ್ತೇನೆ.

ನಿನ್ನೆ ಭಾನುವಾರ. ರಾತ್ರಿ ಊಟ ಮುಗಿಸಿ ನಾನು ಪಾತ್ರೆ ಎತ್ತುವಾಗ ಹೇಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಅಮ್ಮ, ಒಂದ್ ಮಾತ್ ಹೇಳ್ಬೇಕಿತ್ತು ಎಂದಳು. ನಾನು ಕೈಲಿದ್ದದ್ದನ್ನು ಹಾಗೇ ಬಿಟ್ಟೆ. ನನ್ನ ಫೋನನ್ನು ಬಂದ್ ಮಾಡಿ ಅಕ್ಕಿ ಡಬ್ಬದ ಮೇಲಿಟ್ಟೆ. ನಡುಮನೆಗೆ ಬಂದು, ಚಾಪೆ ಹಾಸಿ, ಗೋಡೆಗೆ ಒರಗಿ ಕೂತು, ಹೇಳಮ್ಮ ಎಂದೆ. ಆಗ ಅವಳ ಫೋನು ಹೊಡೆದುಕೊಂಡಿತು. ಕಾಲೇಜಿನ ಯಾರೋ, ಪರೀಕ್ಷೆಯ ಅಂಕದ ಸಮಾಚಾರ. ಅವಳು ನನ್ನ ಕಡೆ ಕೈ ಅಡ್ಡ ಮಾಡಿದಳು.

“ಒಂದ್ನಿಮಿಷ ಇರಮ್ಮ.”

ನಮ್ಮ ಮಾತಿನಲ್ಲಿ ತಾಯಿಗೂ ಅಮ್ಮ, ಮಗಳಿಗೂ ಅಮ್ಮ. ಯಾರು ಯಾರಿಗೆ ಹೇಳಿದರೂ ಸರಿಹೊಂದುತ್ತದೆ. ಇದ್ದೆ. ಎಷ್ಟು ಹೊತ್ತು ಬೇಕಾದರೂ ಇರೋಣ ಎಂದು ಗಟ್ಟಿ ಮನಸ್ಸು ಮಾಡಿ ಕೂತಿದ್ದೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ತಲೆಯ ಕೆಳಗೆ ದಿಂಬಿತ್ತು, ಮೈಮೇಲೆ ಹೊದಿಕೆ ಇತ್ತು, ಹೇಮ ಮೊದಲ ಬಸ್ಸಿಗೆ ಹೊರಟುಹೋಗಿದ್ದಳು. ಅಡುಗೆಮನೆಗೆ ಹೋಗಿ ಕ್ಯಾಲೆಂಡರು ನೋಡಿದೆ. ಭಾನುವಾರದ ಚೌಕದಲ್ಲಿ, ವಾಷರ್, ಶೆಡ್ಡು ಎಂದು ನಾನು ಬರೆದದ್ದರ ಕೆಳಗೆ, ಅವಳ ದುಂಡು ಅಕ್ಷರ:

ಮುದ್ದೆ, ಹುರುಳಿಕಾಳು ಬಸ್ಸಾರು. ಮೊದಲು ಮಲಗಿದ್ದು ಅಮ್ಮ.